ಬಾವಿಯಲ್ಲಿ ಮೈನಸ್ ಉಪ್ಪು ಇರುವುದಿಲ್ಲ

ಸಂಪಾದಕರಿಗೆ,

ಮಾರ್ಚ್ ಕಳೆಯಿತೆಂದರೆ ಕಾಸರಗೋಡಿನ ಕರಾವಳಿಯಲ್ಲಿ ಉಪ್ಪುನೀರಿನ ಮಾತು ಶುರುವಾಗುತ್ತದೆ. ಚಂದ್ರಗಿರಿ, ಮೊಗ್ರಾಲ್, ಶಿರಿಯ, ಉಪ್ಪಳ ಹೊಳೆಗಳು ಸೊರಗಿದಷ್ಟೂ ಭರತದ ನೀರು ಅಳಿವೆಯಿಂದ ಒಳಗೊಳಗೆ ಏರುತ್ತದೆ. ನೀರಿನಲ್ಲಿ ಕರಗಿದ ಘನಾಂಶ ಅಳೆಯುವ ಟಿಡಿಎಸ್ ಮೀಟರು ಈಗ ದುಬಾರಿ ವಸ್ತುವಲ್ಲ. ಹಾಗಾಗಿ ಶಾಲೆಯ ವಿಜ್ಞಾನ ಮೇಳದಿಂದ ಹಿಡಿದು ಪಂಚಾಯತಿನ ಯೋಜನಾ ವರದಿಯ ತನಕ ಎಲ್ಲ ಕಡೆಯೂ ಆಳಕ್ಕೆ ತಕ್ಕಂತೆ ಉಪ್ಪು ಎಷ್ಟೆಂದು ತೋರಿಸುವ ಗ್ರಾಫ್‌ಗಳು ಕಾಣಿಸುತ್ತವೆ, ಪತ್ರಿಕೆಗಳಲ್ಲೂ ಅಚ್ಚಾಗುತ್ತವೆ. ಅಳೆದದ್ದು ಏಳೋ ಎಂಟೋ ಚುಕ್ಕೆ. ಮಿಕ್ಕದ್ದೆಲ್ಲ ಕಂಪ್ಯೂಟರ್ ಎಳೆದ ನುಣುಪು ಗೆರೆ. ಅಳತೆಯ ಅಂಕಿ ಒಮ್ಮೆಲೇ ಜಿಗಿಯುವ ಕಡೆ ಆ ಗೆರೆ ಏನೇನು ತಪ್ಪು ಹೇಳುತ್ತದೆ, ಅದನ್ನು ಸರಿಪಡಿಸುವುದು ಹೇಗೆ ಎಂದು ತಿಳಿಸಲು ಈ ಪತ್ರ.

ಉಪ್ಪುನೀರು ತೂಕ, ಸಿಹಿನೀರು ಹಗುರ. ಅಲುಗಾಟವಿಲ್ಲದ ಕಡೆ ಎರಡೂ ಬೆರೆಯದೆ ಒಂದರ ಮೇಲೊಂದು ನಿಲ್ಲುತ್ತವೆ, ನಡುವಿನ ಪದರ ತೀರಾ ತೆಳು. ಲೆಕ್ಕಕ್ಕೆಂದು ಒಂದು ಮಾದರಿ ತೆಗೆದುಕೊಳ್ಳೋಣ. ನೀರಿನ ಮೇಲ್ಮೈಯಿಂದ ಅರ್ಧರ್ಧ ಮೀಟರಿಗೆ ಒಂದರಂತೆ 3.5 ಮೀಟರಿನ ತನಕ ಎಂಟು ಅಳತೆ. ಮೊದಲ ನಾಲ್ಕರಲ್ಲಿ, ಅಂದರೆ 1.5 ಮೀಟರಿನ ತನಕ, ಲೀಟರಿಗೆ 1 ಗ್ರಾಂ ಉಪ್ಪು. 2 ಮೀಟರಿನಿಂದ ಕೆಳಗಿನ ನಾಲ್ಕರಲ್ಲಿ 31 ಗ್ರಾಂ. ಈ ಎಂಟು ಚುಕ್ಕೆಗಳ ಮೂಲಕ ಘನ ಸ್ಪ್ಲೈನ್ (ಚುಕ್ಕೆ ಚುಕ್ಕೆಯ ನಡುವೆ ಮೂರನೆಯ ಘಾತದ ತುಂಡುಗಳನ್ನು ಜೋಡಿಸಿದ ನುಣುಪು ಗೆರೆ) ಎಳೆದರೆ, ತುದಿಗಳಲ್ಲಿ ಬಾಗು, ಅಂದರೆ ಇಳಿಜಾರು ಬದಲಾಗುವ ದರ, ಸೊನ್ನೆಯೆಂದು ಇಟ್ಟುಕೊಂಡಾಗ, 1.25 ಮೀಟರಿನಲ್ಲಿ ಬರುವ ಉತ್ತರ ಮೈನಸ್ 2.02 ಗ್ರಾಂ. ಇನ್ನೂ ಆರು ಸೆಂಟಿಮೀಟರ್ ಕೆಳಗೆ ಅದು ಮೈನಸ್ 2.24ಕ್ಕೆ ಇಳಿಯುತ್ತದೆ. ಆಚೆ ಬದಿಯಲ್ಲಿ 2.19 ಮೀಟರಿನ ಹತ್ತಿರ 34.24ಕ್ಕೆ ಏರುತ್ತದೆ. ಅಳತೆಗಳಲ್ಲಿ 31ಕ್ಕಿಂತ ಹೆಚ್ಚಿನ ಅಂಕಿ ಒಂದೂ ಇಲ್ಲ. ಇಲ್ಲದ ಉಪ್ಪನ್ನು ಗೆರೆ ಹುಟ್ಟಿಸಿದೆ, ಇದ್ದ ಉಪ್ಪನ್ನು ಸೊನ್ನೆಗಿಂತ ಕೆಳಕ್ಕೆ ಇಳಿಸಿದೆ.

ಮೈನಸ್ ಬಂದರೆ ಯಾರಾದರೂ ಗುರುತಿಸುತ್ತಾರೆ. ಅದಕ್ಕಿಂತ ಅಪಾಯದ್ದು ಕಣ್ಣಿಗೆ ಬೀಳದ ತಪ್ಪು. ಇದೇ ಗೆರೆ 0.5 ಮತ್ತು 1 ಮೀಟರಿನ ನಡುವೆ, ಸರಿಸುಮಾರು 0.8 ಮೀಟರಿನಲ್ಲಿ, 1.88 ಗ್ರಾಮಿಗೆ ಉಬ್ಬುತ್ತದೆ. ಎರಡೂ ಬದಿಯ ಅಳತೆ 1 ಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕರಗಿದ ಘನಾಂಶ ಲೀಟರಿಗೆ 500 ಮಿಲಿಗ್ರಾಂ ಇದ್ದರೆ ಸರಿ. ಬೇರೆ ನೀರು ಇಲ್ಲವೇ ಇಲ್ಲ ಎಂದಾದರೆ 2,000 ಮಿಲಿಗ್ರಾಂ ತನಕ ಸಹಿಸಬಹುದು. 1.88 ಗ್ರಾಂ ಆ ಕೊನೆಯ ಗಡಿಯ ಅಂಚು. ಇದನ್ನು ನೋಡಿ ಪಂಪಿನ ಫುಟ್‌ವಾಲ್ವನ್ನು ಸುಮ್ಮನೆ ಮೇಲಕ್ಕೆತ್ತುವವರಿರಬಹುದು. 1.25 ಮೀಟರಿನ ತಗ್ಗನ್ನು ನೋಡಿ ಅತಿ ಸಿಹಿನೀರು ಅಲ್ಲಿದೆಯೆಂದು ಕೆಳಕ್ಕಿಳಿಸುವವರೂ ಇರಬಹುದು. ಎರಡನೆಯದು ಕಂಗಿನ ತೋಟಕ್ಕೆ ಕೇಡು. ತೆಂಗು ತಡೆದುಕೊಳ್ಳುವಷ್ಟು ಉಪ್ಪನ್ನು ಕಂಗು ತಡೆದುಕೊಳ್ಳದು.

ಇದು ಸಾಫ್ಟ್‌ವೇರಿನ ದೋಷವಲ್ಲ. ಸ್ಪ್ಲೈನ್ ಎಂಬುದು ಮೂಲದಲ್ಲಿ ಹಡಗು ಕಟ್ಟುವವರ ನಕ್ಷೆಯ ಕೋಣೆಯಲ್ಲಿದ್ದ ಉದ್ದನೆಯ ಬಳುಕುವ ಮರದ ಪಟ್ಟಿ. ಗುರುತು ಹಾಕಿದ ಕಡೆಗಳಲ್ಲಿ ಸೀಸದ ತೂಕಗಳನ್ನಿಟ್ಟು ಪಟ್ಟಿಯನ್ನು ಹಿಡಿದು ನಿಲ್ಲಿಸಿ, ಅದರ ಅಂಚಿಗೆ ಗೆರೆ ಎಳೆಯುತ್ತಿದ್ದರು. ಗಣಿತದಲ್ಲಿ ಈ ಹೆಸರನ್ನು 1946ರಲ್ಲಿ ಶೋನ್‌ಬರ್ಗ್ ಬಳಕೆಗೆ ತಂದರು. ಪಟ್ಟಿ ತನ್ನ ಒಟ್ಟು ಬಾಗನ್ನು ಆದಷ್ಟು ಕಡಿಮೆ ಮಾಡಿಕೊಂಡು ಕೂರುತ್ತದೆ. ದೋಣಿಯ ಪಕ್ಕೆಗೆ ಅದು ತಕ್ಕದ್ದು. ಆದರೆ ಮಟ್ಟಸವಾಗಿ ಸಾಗುತ್ತಿದ್ದ ಪಟ್ಟಿಯನ್ನು ಒಂದೇ ಗೇಣಿನಲ್ಲಿ ಗೋಡೆಯಂತೆ ಎತ್ತಲು ಹೋದರೆ, ಏರುವ ಮೊದಲು ಅದು ಕೆಳಕ್ಕೆ ತಗ್ಗುತ್ತದೆ, ಏರಿದ ಮೇಲೆ ಆಚೆಗೆ ಉಬ್ಬುತ್ತದೆ. ಕೈಯಲ್ಲಿ ಹಿಡಿದ ತೆಂಗಿನ ಗರಿಯ ಕಡ್ಡಿಯಲ್ಲೂ ಇದನ್ನು ನೋಡಬಹುದು.

ಲೆಕ್ಕದಲ್ಲಿ ಹೀಗೆ ಬರುತ್ತದೆ. ಅಂತರಗಳು ಸಮ ಇರುವಾಗ ಒಂದು ಚುಕ್ಕೆಯ ಬಾಗಿನ ನಾಲ್ಕರಷ್ಟಕ್ಕೆ ಎಡಬಲದ ಎರಡು ಚುಕ್ಕೆಗಳ ಬಾಗನ್ನು ಕೂಡಿದರೆ, ಆ ಚುಕ್ಕೆಯಲ್ಲಿ ಇಳಿಜಾರು ಬದಲಾದ ಪ್ರಮಾಣದ ಆರು ಪಟ್ಟನ್ನು ಅಂತರದಿಂದ ಭಾಗಿಸಿದಷ್ಟು ಸಿಗಬೇಕು. ಮಟ್ಟಸ ಭಾಗದಲ್ಲಿ ಇಳಿಜಾರು ಬದಲಾಗುವುದೇ ಇಲ್ಲ, ಹಾಗಾಗಿ ಬಲಬದಿ ಸೊನ್ನೆ. ಆದರೂ ನೆರೆಯ ಚುಕ್ಕೆಯ ಬಾಗು ಒಳಕ್ಕೆ ಹರಿಯುತ್ತದೆ. ಪ್ರತಿ ಚುಕ್ಕೆಗೂ ಚಿಹ್ನೆ ತಿರುಗುತ್ತದೆ, ಗಾತ್ರ 0.268ರಷ್ಟಕ್ಕೆ ಕುಗ್ಗುತ್ತದೆ. ಎರಡರಿಂದ ಮೂರರ ವರ್ಗಮೂಲ ಕಳೆದರೆ ಸಿಗುವ ಸಂಖ್ಯೆ ಅದು. ಮೊದಲ ಅಂತರದಲ್ಲಿ ತಗ್ಗು, ಮುಂದಿನದರಲ್ಲಿ ಅದರ ಕಾಲುಭಾಗದಷ್ಟು ಉಬ್ಬು, ಅದರಾಚೆ ಮತ್ತೆ ಚಿಕ್ಕ ತಗ್ಗು. ಮೊದಲ ತಗ್ಗಿನ ಆಳ ಜಿಗಿತದ ಶೇ. 10.8. ನಮ್ಮ ಮಾದರಿಯಲ್ಲಿ ಜಿಗಿತ 30 ಗ್ರಾಂ, ತಗ್ಗು 3.24 ಗ್ರಾಂ.

ಅರ್ಧ ಮೀಟರಿನ ಬದಲು ಕಾಲು ಮೀಟರಿಗೊಮ್ಮೆ ಅಳೆದರೆ ಸರಿಹೋಗುತ್ತದೆಂದು ಹಲವರು ತಿಳಿದಿದ್ದಾರೆ. ಜಿಗಿತ ಆಗಲೂ ಎರಡು ಪಕ್ಕದ ಚುಕ್ಕೆಗಳ ನಡುವೆಯೇ ಬಿದ್ದರೆ ತಗ್ಗಿನ ಅಗಲ ಅರ್ಧವಾಗುತ್ತದೆ, ಆಳ ಮಾತ್ರ ಅದೇ ಶೇ. 10.8. ಅಂತರ ಪದರದ ದಪ್ಪಕ್ಕಿಂತ ಚಿಕ್ಕದಾದ ಮೇಲಷ್ಟೇ ಸ್ಪ್ಲೈನಿನ ನಿಜವಾದ ಶಕ್ತಿ ಕಾಣಿಸುತ್ತದೆ: ಅಲ್ಲಿಂದ ಮುಂದೆ ಅಂತರ ಅರ್ಧವಾದಾಗಲೆಲ್ಲ ತಪ್ಪು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎಲ್ಲ ಚುಕ್ಕೆಗಳನ್ನೂ ಒಂದೇ ಬಹುಪದಿಯಲ್ಲಿ ಹಿಡಿಯುವ ದಾರಿಯಂತೂ ಇನ್ನೂ ಕೆಟ್ಟದ್ದು. 1901ರಲ್ಲೇ ರುಂಗೆ ತೋರಿಸಿದ ಉದಾಹರಣೆಯಲ್ಲಿ ಫಲನದ ಗರಿಷ್ಠ ಬೆಲೆ 1. ಸಮ ಅಂತರದ 11 ಬಿಂದುಗಳ ಬಹುಪದಿ ತುದಿಗಳ ಬಳಿ 1.9ರಷ್ಟು ತಪ್ಪುತ್ತದೆ. ಬಿಂದು ಹೆಚ್ಚಿಸಿದರೆ ತಪ್ಪು ಇನ್ನೂ ಬೆಳೆಯುತ್ತದೆ.

ಮೊದಲ ಮದ್ದು ಸೂತ್ರದಲ್ಲಿಲ್ಲ, ಮೀಟರಿನ ವಯರಿನಲ್ಲಿದೆ. ಎಲ್ಲಿ ಅಂಕಿ ಜಿಗಿಯುತ್ತದೋ ಅಲ್ಲೇ ಹೆಚ್ಚು ಅಳೆಯಬೇಕು. ಮೊದಲು ಅರ್ಧರ್ಧ ಮೀಟರಿಗೆ ಇಳಿಸಿ ಬರೆದುಕೊಳ್ಳಿ. ಪಕ್ಕಪಕ್ಕದ ಎರಡು ಅಳತೆಗಳ ವ್ಯತ್ಯಾಸ ಒಟ್ಟು ಜಿಗಿತದ ಅರ್ಧವನ್ನು ಮೀರಿದರೆ ಅವುಗಳ ನಟ್ಟನಡುವೆ ಇನ್ನೊಂದು ಅಳೆಯಿರಿ, ಆಮೇಲೆ ಅದರ ಎರಡೂ ಬದಿಯ ತುಂಡುಗಳಿಗೆ ಒಂದೊಂದು. ಸಮಯವಿದ್ದರೆ ಇನ್ನೊಂದು ಸುತ್ತು. ನಮ್ಮ ಮಾದರಿಯಲ್ಲಿ 1.75 ಮೀಟರಿನಲ್ಲಿ 16 ಗ್ರಾಂ ಸಿಕ್ಕಿತೆನ್ನಿ, 1.625ರಲ್ಲಿ 4, 1.875ರಲ್ಲಿ 28. ಹೆಚ್ಚಿಗೆ ಅಳೆದದ್ದು ಮೂರೇ ಮೂರು. ಇಷ್ಟಕ್ಕೆ ಅದೇ ಹಳೆಯ ಘನ ಸ್ಪ್ಲೈನಿನ ತಗ್ಗು ಮೈನಸ್ 2.24ರಿಂದ 0.59ಕ್ಕೆ ಏರುತ್ತದೆ, 0.8 ಮೀಟರಿನ ಸುಳ್ಳು ಉಬ್ಬು 1.88ರಿಂದ 1.11ಕ್ಕೆ ಇಳಿಯುತ್ತದೆ. ಇದೇ ಮೂರು ಅಳತೆಗಳನ್ನು ಮಟ್ಟಸ ಭಾಗದಲ್ಲಿ ಹಂಚಿದ್ದರೆ ಮೂರು ಸಲ 1 ಗ್ರಾಂ ಎಂದು ಬರೆದುಕೊಂಡದ್ದಷ್ಟೇ ಆಗುತ್ತಿತ್ತು.

ಅಳೆಯುವಾಗ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಮೀಟರಿನ ತುದಿಯನ್ನು ಮೇಲಿನಿಂದ ಕೆಳಕ್ಕೆ ನಿಧಾನ ಇಳಿಸಬೇಕು. ಜಗ್ಗಾಡಿದರೆ ಪದರ ಕದಡಿ, ಇದ್ದ ಕಡಿದಾದ ಏರು ಅಳೆಯುವವರ ಕೈಯಲ್ಲೇ ಸಪಾಟಾಗುತ್ತದೆ. ನಡುವಿನ ಅಳತೆಗಳಿಗಾಗಿ ಹಿಂದಕ್ಕೆ ಬರಬೇಕಾದಾಗ ತುದಿಯನ್ನು ಪೂರ್ತಿ ಮೇಲಕ್ಕೆತ್ತಿ, ನೀರು ತಣ್ಣಗೆ ನಿಂತ ಮೇಲೆ ಮತ್ತೆ ಇಳಿಸುವುದು ಒಳ್ಳೆಯದು. ಪ್ರತಿ ಆಳದಲ್ಲೂ ಅಂಕಿ ನಿಲ್ಲುವ ತನಕ ಕಾಯಬೇಕು. ನೀರಿನ ವಿದ್ಯುತ್ ವಾಹಕತೆ ಒಂದು ಡಿಗ್ರಿಗೆ ಸುಮಾರು ಶೇ. 2ರಂತೆ ಏರುವುದರಿಂದ 25 ಡಿಗ್ರಿಗೆ ಸರಿಹೊಂದಿಸಿ ತೋರಿಸುವ ಮೀಟರೇ ಬೇಕು. ಸಾಧಾರಣ ಟಿಡಿಎಸ್ ಮೀಟರುಗಳ ಮಿತಿ ಸಿಹಿನೀರಿಗೆ ತಕ್ಕಷ್ಟೇ ಇರುತ್ತದೆ; ಉಪ್ಪಿನ ಪದರಕ್ಕೆ ಹೆಚ್ಚಿನ ಮಿತಿಯ ಮೀಟರು ತರಬೇಕು. ಹೊಳೆಯಲ್ಲಾದರೆ ಭರತ ಇಳಿತದ ಹೊತ್ತನ್ನೂ ಬರೆದಿಡಬೇಕು. ಎರಡು ಭರತಗಳ ನಡುವೆ ಹೆಚ್ಚುಕಡಿಮೆ 12 ಗಂಟೆ 25 ನಿಮಿಷ. ಬೆಳಗ್ಗೆ ಮೇಲಿನ ಪದರ, ಊಟ ಮುಗಿಸಿ ಕೆಳಗಿನ ಪದರ ಅಳೆದರೆ ಆ ಎರಡು ಅಳತೆಗಳು ಒಂದೇ ಗೆರೆಗೆ ಸೇರುವಂಥವಲ್ಲ.

ಅಳತೆ ಮುಗಿದ ಮೇಲೆ ಗೆರೆಯ ವಿಚಾರ. ಏರುತ್ತಲೇ ಹೋಗುವ ಅಂಕಿಗಳ ನಡುವೆ ಗೆರೆಯೂ ಏರುತ್ತಲೇ ಹೋಗಬೇಕೆಂದಾದರೆ ಫ್ರಿಟ್ಷ್ ಮತ್ತು ಕಾರ್ಲ್‌ಸನ್ 1980ರಲ್ಲಿ ಕೊಟ್ಟ ದಾರಿ ಇದೆ. ಪಿಚಿಪ್ ಎಂಬ ಹೆಸರಿನಲ್ಲಿ ಎಲ್ಲ ಕಡೆ ಸಿಗುತ್ತದೆ. ಇದರಲ್ಲಿ ಬಾಗಿನ ಸಮೀಕರಣಗಳನ್ನು ಬಿಡಿಸುವುದಿಲ್ಲ. ಪ್ರತಿ ಚುಕ್ಕೆಯಲ್ಲೂ ಗೆರೆಯ ಇಳಿಜಾರು ಎಷ್ಟಿರಬೇಕೆಂದು ಅದರ ಎಡಬಲದ ತುಂಡುಗಳನ್ನು ಮಾತ್ರ ನೋಡಿ ನಿಶ್ಚಯಿಸುತ್ತಾರೆ. ಎಡಬಲದ ಇಳಿಜಾರುಗಳ ಚಿಹ್ನೆ ಬೇರೆ ಬೇರೆಯಾಗಿದ್ದರೆ, ಇಲ್ಲವೇ ಒಂದು ಸೊನ್ನೆಯಾಗಿದ್ದರೆ, ಅಲ್ಲಿ ಸೊನ್ನೆ. ಚಿಹ್ನೆ ಒಂದೇ ಆಗಿದ್ದು ಅಂತರಗಳೂ ಸಮವಾಗಿದ್ದರೆ ಎರಡರ ಹರಾತ್ಮಕ ಸರಾಸರಿ, ಅಂದರೆ ಗುಣಲಬ್ಧದ ಎರಡು ಪಟ್ಟನ್ನು ಮೊತ್ತದಿಂದ ಭಾಗಿಸಿದ್ದು. ಅಂತರಗಳು ಬೇರೆಯಾದರೆ ಅವಕ್ಕೆ ತಕ್ಕ ತೂಕ ಕೊಡಬೇಕು. ಸಾಫ್ಟ್‌ವೇರ್ ಅದನ್ನು ತಾನೇ ಮಾಡುತ್ತದೆ.

ನಮ್ಮ ಮಾದರಿಯಲ್ಲೇ ನೋಡಿ. 1.5ರಿಂದ 1.625ಕ್ಕೆ 3 ಗ್ರಾಂ ಏರಿಕೆ, ಅಂದರೆ ಮೀಟರಿಗೆ 24. 1.625ರಿಂದ 1.75ಕ್ಕೆ 12 ಗ್ರಾಂ, ಮೀಟರಿಗೆ 96. ಸಾದಾ ಸರಾಸರಿ 60. ಹರಾತ್ಮಕ ಸರಾಸರಿ 38.4. ಚಿಕ್ಕ ಇಳಿಜಾರಿನ ಕಡೆಗೆ ವಾಲುವ ಈ ಗುಣವೇ ತಗ್ಗನ್ನು ತಡೆಯುವುದು. 1.5 ಮೀಟರಿನ ಎಡಬದಿ ಮಟ್ಟಸ, ಹಾಗಾಗಿ ಅಲ್ಲಿ ಇಳಿಜಾರು ಸೊನ್ನೆ. ಅದಕ್ಕಿಂತ ಮೇಲಿನ ಸಿಹಿನೀರಿನಲ್ಲಿ ಗೆರೆ 1 ಗ್ರಾಮಿನಿಂದ ಕದಲುವುದೇ ಇಲ್ಲ. ಬೇರೆ ರೀತಿಯಲ್ಲಿ ಇಳಿಜಾರು ಆರಿಸಿದವರಿಗೆ ಒಂದು ಪರೀಕ್ಷೆ ಇದೆ. ತುಂಡಿನ ಎರಡು ತುದಿಗಳ ಇಳಿಜಾರನ್ನು ತುಂಡಿನ ಸ್ವಂತ ಇಳಿಜಾರಿನಿಂದ ಭಾಗಿಸಿ, ಎರಡರ ವರ್ಗಗಳನ್ನು ಕೂಡಿ. ಎರಡೂ ಭಾಗಲಬ್ಧ ಸೊನ್ನೆಗಿಂತ ಕೆಳಗಿಲ್ಲದೆ ಮೊತ್ತ 9ನ್ನು ಮೀರದಿದ್ದರೆ ಗೆರೆ ಆ ತುಂಡಿನಲ್ಲಿ ಹಿಂದಕ್ಕೆ ತಿರುಗದು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಚುಕ್ಕೆಗಳಲ್ಲಿ ಇಳಿಜಾರು ಮುರಿಯದಿದ್ದರೂ ಬಾಗು ಜಿಗಿಯುತ್ತದೆ. ಎರಡನೆಯ ನಿಷ್ಪನ್ನ, ಅಂದರೆ ಈ ಬಾಗು, ಬೇಕಾದ ಲೆಕ್ಕಗಳಿಗೆ, ಉದಾಹರಣೆಗೆ ಉಪ್ಪು ಹರಡುವ ವೇಗದ ಸಮೀಕರಣಕ್ಕೆ, ಪಿಚಿಪ್ ಒಗ್ಗದು.

ಆದರೆ ಯಾವ ಸೂತ್ರವೂ ಅಳೆಯದ್ದನ್ನು ತಿಳಿಸುವುದಿಲ್ಲ. ಮೊದಲ ಎಂಟೇ ಅಳತೆಗಳಿಂದ 2 ಗ್ರಾಮಿನ ಗಡಿ ಎಲ್ಲಿದೆಯೆಂದು ಕೇಳಿ. ನೇರಗೆರೆ 1.5 ಮೀಟರಿನಿಂದ 1.7 ಸೆಂಟಿಮೀಟರ್ ಕೆಳಗೆ ಎನ್ನುತ್ತದೆ, ಘನ ಸ್ಪ್ಲೈನ್ 2.4 ಎನ್ನುತ್ತದೆ, ಪಿಚಿಪ್ 5.5 ಎನ್ನುತ್ತದೆ. ನಮಗೆ ನಿಜಕ್ಕೂ ಗೊತ್ತಿರುವುದು ಅದು 1.5 ಮತ್ತು 2 ಮೀಟರಿನ ನಡುವೆ ಎಲ್ಲೋ ಇದೆ ಎಂಬಷ್ಟೇ. ಮೂರು ಅಳತೆ ಸೇರಿಸಿದ ಮೇಲೆ ನೇರಗೆರೆ 4.2, ಪಿಚಿಪ್ 6.6. ಈಗ ಅನುಮಾನದ ಅಗಲ ಅರ್ಧ ಮೀಟರಲ್ಲ, 12.5 ಸೆಂಟಿಮೀಟರ್. ಫುಟ್‌ವಾಲ್ವನ್ನು 1.5 ಮೀಟರಿಗಿಂತ ಒಂದು ಗೇಣು ಮೇಲಿಡಿ ಎಂದು ಧೈರ್ಯವಾಗಿ ಹೇಳಲು ಅಷ್ಟು ಸಾಕು. ಅಲ್ಲಿಯೂ ಜೋರಾಗಿ ಎಳೆಯುವ ಪಂಪು ಕೆಳಗಿನ ಉಪ್ಪನ್ನು ಮೇಲಕ್ಕೆ ಸೆಳೆಯುತ್ತದೆಂಬುದು ನೆನಪಿರಲಿ. ನಿಂತ ನೀರಿನಲ್ಲಿ ಅಳೆದ ಗೆರೆ ಓಡುವ ಪಂಪಿಗೆ ಹಾಗೆಯೇ ಹೊಂದದು.

ಇನ್ನೊಂದು ದಾರಿ ಎಳೆತದ ಸ್ಪ್ಲೈನ್. 1966ರಲ್ಲಿ ಶ್ವೈಕರ್ಟ್ ಕೊಟ್ಟದ್ದು. ಮರದ ಪಟ್ಟಿಯ ಎರಡು ತುದಿಗಳನ್ನು ಹಿಡಿದು ಜಗ್ಗಿದ ಹಾಗೆ. ಜಗ್ಗದಿದ್ದರೆ ಅದೇ ಘನ ಸ್ಪ್ಲೈನ್, ತೀರಾ ಜಗ್ಗಿದರೆ ನೇರ ತುಂಡುಗಳು. ಬಾಗು ಜಿಗಿಯದೆಯೇ ತಗ್ಗನ್ನು ಕರಗಿಸಬಹುದು. ಎಳೆತದ ಅಂಕಿಯನ್ನು ಪ್ರತಿ ತುಂಡಿಗೂ ಬೇರೆಯಾಗಿ ಆರಿಸಬೇಕಾಗುವುದು ಇದರ ತೊಂದರೆ. ಸೂತ್ರದಲ್ಲಿರುವ ಹೈಪರ್ಬಾಲಿಕ್ ಸೈನ್, ಎಳೆತ ಮತ್ತು ಅಂತರಗಳ ಗುಣಲಬ್ಧ 710 ದಾಟಿದರೆ ಕಂಪ್ಯೂಟರಿನ ಸಾಮಾನ್ಯ ಸಂಖ್ಯೆಯ ಮಿತಿ ಮೀರುತ್ತದೆ. ಗುಣಲಬ್ಧ ಸೊನ್ನೆಯ ಹತ್ತಿರ ಬಂದರೆ ಬಹುತೇಕ ಸಮವಾದ ಸಂಖ್ಯೆಗಳನ್ನು ಕಳೆಯಬೇಕಾಗಿ ಅಂಕಿಗಳು ನಾಶವಾಗುತ್ತವೆ. ಅಲ್ಲಿ ಶ್ರೇಣಿಯ ಮೊದಲ ಕೆಲವು ಪದಗಳನ್ನು ಬಳಸಬೇಕು.

ಕಾಲೇಜುಗಳಲ್ಲಿ ಅವಕಲ ಸಮೀಕರಣ ಬಿಡಿಸುವವರಿಗೆ ಒಂದು ಮಾತು, ಏಕೆಂದರೆ ಅಲ್ಲಿ ಉತ್ತರ ಜಿಗಿಯುವ ಪದರ ಇನ್ನೂ ತೆಳು. ಒಂದು ಮೀಟರ್ ಉದ್ದದಲ್ಲಿ ಪ್ರತಿ ಮಿಲಿಮೀಟರಿಗೆ 2.718ರಲ್ಲಿ ಒಂದು ಪಾಲಿಗೆ ಕುಗ್ಗುವ ಫಲನವನ್ನು 32 ಸಮಭಾಗಗಳಲ್ಲಿ ಹಿಡಿಯಲು ಹೋದರೆ ಎರಡನೆಯ ಬಿಂದುವಿನಲ್ಲೇ ಅದು ಸೊನ್ನೆಯಂತೆ; ಪದರ ಇದೆಯೆಂಬುದೇ ಗೊತ್ತಾಗದು. ಶೇ. 1ರ ನಿಖರತೆಗೆ ನೇರಗೆರೆಗಳಾದರೆ ಸುಮಾರು 3,500 ಸಮಭಾಗ, ಘನ ಸ್ಪ್ಲೈನಾದರೆ ಸುಮಾರು 1,070 ಬೇಕು. ಬಖ್ವಾಲೋವ್ 1969ರಲ್ಲಿ ಪದರದೊಳಗೆ ಬಿಂದುಗಳನ್ನು ಲಾಗರಿದಮ್ಮಿನಂತೆ ಒತ್ತೊತ್ತಾಗಿ ಇಟ್ಟರು. ಶಿಶ್ಕಿನ್ ಅದನ್ನು ಸರಳ ಮಾಡಿ ಎರಡೇ ಬಗೆಯ ಅಂತರ ಇಟ್ಟರು. ಘನ ಸ್ಪ್ಲೈನಿಗಾದರೆ ಒತ್ತು ಭಾಗದ ಅಗಲ ಸಿಗಲು ಪದರದ ದಪ್ಪದ ನಾಲ್ಕು ಪಟ್ಟನ್ನು ಭಾಗಗಳ ಸಂಖ್ಯೆಯ ಸ್ವಾಭಾವಿಕ ಲಾಗರಿದಮ್ಮಿನಿಂದ ಗುಣಿಸಬೇಕು: 32ಕ್ಕೆ 13.86 ಮಿಲಿಮೀಟರ್. ಅದರೊಳಗೆ 16 ಭಾಗ, ಒಂದೊಂದು 0.87 ಮಿಲಿಮೀಟರ್, ಉಳಿದ 986 ಮಿಲಿಮೀಟರಿನಲ್ಲಿ 16 ಭಾಗ, ಒಂದೊಂದು 61.6.

ಇಲ್ಲೊಂದು ಹೊಂಡವಿದೆ. ಇಂಥ ಬಿಂದುಗಳ ಜಾಲದ ಮೇಲೆ ಸಾಮಾನ್ಯ ಘನ ಸ್ಪ್ಲೈನ್ ಎಳೆದರೆ, ಬಿಂದು ಸಂಖ್ಯೆ ಅಷ್ಟೇ ಇದ್ದು ಪದರ ತೆಳುವಾಗುತ್ತಾ ಹೋದಂತೆ ತಪ್ಪು ಮಿತಿಯಿಲ್ಲದೆ ಬೆಳೆಯಬಹುದು ಎಂದು ಬ್ಲಾತೋವ್, ಜಾದೋರಿನ್, ಕಿತಾಯೆವಾ 2017ರಲ್ಲಿ ತೋರಿಸಿದರು. ಕಾರಣ ಒತ್ತು ಮತ್ತು ವಿರಳ ಜಾಲಗಳು ಸೇರುವ ಗಂಟು. ಅಲ್ಲಿ ಫಲನದ ಬೆಲೆ ಹತ್ತು ಲಕ್ಷದಲ್ಲಿ ಒಂದರಷ್ಟು, ನಗಣ್ಯ. ಇಳಿಜಾರು ಹಾಗಲ್ಲ, ಅದು ಬೆಲೆಯನ್ನು ದಪ್ಪದಿಂದ ಭಾಗಿಸಿದ್ದು. ದಪ್ಪ ಸಾವಿರ ಪಟ್ಟು ಕುಗ್ಗಿದರೆ ಇಳಿಜಾರು ಸಾವಿರ ಪಟ್ಟು ಹಿಗ್ಗುತ್ತದೆ. ಸ್ಪ್ಲೈನ್ ಆ ಇಳಿಜಾರನ್ನು ಹಿಡಿದುಕೊಂಡೇ ಹತ್ತಾರು ಪಟ್ಟು ಅಗಲದ ಮುಂದಿನ ತುಂಡಿಗೆ ನುಗ್ಗುತ್ತದೆ. ಗಂಟಿನಲ್ಲಿ ಸ್ಪ್ಲೈನನ್ನು ಕಡಿದು ವಿರಳ ಭಾಗಕ್ಕೆ ಪಿಚಿಪ್ ಹಾಕುವುದು ಸುಲಭದ ಪರಿಹಾರ. ಹರಾತ್ಮಕ ಸರಾಸರಿ ಚಿಕ್ಕ ಇಳಿಜಾರನ್ನೇ ಹಿಡಿಯುವುದರಿಂದ ಒದೆತ ಮುಂದಕ್ಕೆ ಸಾಗದು.

ಕಂಪ್ಯೂಟರಿನಲ್ಲಿ ಇದೆಲ್ಲ ಕೆಲವೇ ಒತ್ತುಗಳ ಕೆಲಸ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಗೆರೆಯ ಬಗೆ ನುಣುಪು ಎಂದು ಆರಿಸಿದರೆ ಘನ ಸ್ಪ್ಲೈನ್, ಬಿ-ಸ್ಪ್ಲೈನ್ ಎಂಬ ಎರಡು ಆಯ್ಕೆ ಬರುತ್ತವೆ. ಮೊದಲನೆಯದು ಮೇಲೆ ಹೇಳಿದ ತಗ್ಗು ಕೊಡುತ್ತದೆ. ಎರಡನೆಯದೂ ಅಳೆದ ಚುಕ್ಕೆಗಳ ಮೂಲಕವೇ ಹಾಯುತ್ತದೆ, ಆದರೆ ತಗ್ಗು ಬಾರದೆಂಬ ಭರವಸೆ ಕೊಡದು. ಎಕ್ಸೆಲ್‌ನ ನುಣುಪು ಗೆರೆಯೂ ಜಿಗಿತದ ಬದಿಯಲ್ಲಿ ಅಳತೆಗಳನ್ನು ಮೀರಿ ಹೋಗಬಲ್ಲದು. ಇವೆರಡರಲ್ಲೂ ಚುಕ್ಕೆ ಮತ್ತು ನೇರಗೆರೆಯ ಆಯ್ಕೆಯೇ ಕ್ಷೇಮ. ಪೈಥಾನ್ ಬಲ್ಲವರು ಸೈಪೈಯಲ್ಲಿ ಕ್ಯೂಬಿಕ್‌ಸ್ಪ್ಲೈನ್ ಬದಲು ಪಿಚಿಪ್‌ಇಂಟರ್‌ಪೊಲೇಟರ್ ಬರೆದರೆ ಮುಗಿಯಿತು. ಮ್ಯಾಟ್‌ಲ್ಯಾಬಿನಲ್ಲಿ ಸ್ಪ್ಲೈನ್ ಇದ್ದಲ್ಲಿ ಪಿಚಿಪ್. 1970ರ ಅಕಿಮಾ ವಿಧಾನ ಅಲುಗಾಟವನ್ನು ಬಹಳ ಕಡಿಮೆ ಮಾಡುತ್ತದೆ, ಆದರೆ ಏರುವ ಅಂಕಿಗೆ ಏರುವ ಗೆರೆ ಎಂಬ ಭರವಸೆ ಕೊಡದು.

ಮಳೆಗೂ ಇದೇ ಮಾತು. ಜೂನ್ ಮೊದಲ ವಾರ ಮಳೆ ಹಿಡಿದಾಗ ಬೆಳಗ್ಗೆ 8.30ಕ್ಕೆ ಅಳೆದ ದಿನದ ಲೆಕ್ಕವನ್ನು ಕಂಬಗಳಾಗಿ ಬಿಡಿಸಬೇಕು. ಆರಂಭದಿಂದ ಒಟ್ಟು ಮಳೆಯ ಗೆರೆ ಬೇಕಿದ್ದರೆ ಪಿಚಿಪ್. ಒಟ್ಟು ಮಳೆಯ ಮೇಲೆ ಘನ ಸ್ಪ್ಲೈನ್ ಎಳೆದರೆ ದೊಡ್ಡ ಮಳೆಯ ಮುನ್ನಾದಿನ ಗೆರೆ ಇಳಿಯುತ್ತದೆ, ಅಂದರೆ ಬಿದ್ದ ಮಳೆ ಆಕಾಶಕ್ಕೆ ಹಿಂದಿರುಗಿದ ಲೆಕ್ಕ.

ಪತ್ರಿಕೆಯವರಲ್ಲಿ ನಮ್ಮ ಬೇಡಿಕೆ ಇಷ್ಟು: ಗ್ರಾಫ್ ಅಚ್ಚು ಹಾಕುವಾಗ ಅಳೆದ ಚುಕ್ಕೆಗಳನ್ನು ದಪ್ಪಗೆ ತೋರಿಸಿ, ಗೆರೆಯನ್ನು ತೆಳ್ಳಗೆ ಎಳೆಸಿ, ಕೆಳಗೆ ಒಂದು ಸಾಲಿನಲ್ಲಿ ಎಷ್ಟು ಅಳತೆ, ಯಾವ ಹೊತ್ತು, ಯಾವ ಗೆರೆ ಎಂದು ಬರೆಯಿರಿ. ವಿಜ್ಞಾನ ಮೇಳಕ್ಕೆ ಮಕ್ಕಳನ್ನು ಸಿದ್ಧಪಡಿಸುವ ಅಧ್ಯಾಪಕರು ಮೇಲಿನ ಎಂಟು ಅಂಕಿಗಳನ್ನೇ ಕ್ಯಾಲ್ಕ್‌ನಲ್ಲಿ ತುಂಬಿ, ನೇರಗೆರೆಯನ್ನೂ ಘನ ಸ್ಪ್ಲೈನನ್ನೂ ಒಂದರ ಮೇಲೊಂದು ಎಳೆಸಿ ತೋರಿಸಬಹುದು. ಹತ್ತು ನಿಮಿಷ ಸಾಕು.

— ಸಂಖ್ಯಾತ್ಮಕ ಗಣಿತ ಕಲಿಸುವ ಅಧ್ಯಾಪಕರು, ಕಾಸರಗೋಡು